ಕಾಗದ ಬಂದ ದಾರಿ, ಕಾಗದ ಹೇಳುವ ಮಾತು

ಸರ್ಕಾರಿ ಕಚೇರಿಯ ಒಳಗಿನ ಟಿಪ್ಪಣಿಯೊಂದು ಪತ್ರಿಕೆಯಲ್ಲಿ ಅಚ್ಚಾದ ಮರುದಿನ ಮೊದಲು ಏಳುವ ಪ್ರಶ್ನೆ, ‘ಅದು ಅವರ ಕೈಗೆ ಹೇಗೆ ಸಿಕ್ಕಿತು?’ ಎಂಬುದು. ಟಿಪ್ಪಣಿಯಲ್ಲಿ ಏನಿದೆ ಎಂಬ ಮಾತು ಬಹಳ ತಡವಾಗಿ ಬರುತ್ತದೆ, ಎಷ್ಟೋ ಸಲ ಬರುವುದೇ ಇಲ್ಲ. ಅಧಿಕಾರಿಗಳು ಹೀಗೆ ಕೇಳಿದರೆ ಅರ್ಥ ಮಾಡಿಕೊಳ್ಳಬಹುದು. ಆದರೆ ಸರ್ಕಾರದ ಹಂಗಿಲ್ಲದ, ವಿಚಾರ ಮಾಡಬಲ್ಲ ಜನರೂ ಹೀಗೇ ಕೇಳುತ್ತಾರೆ. ಅವರ ನಂಬಿಕೆ ಹೀಗಿದೆ: ಸೋರಿಕೆಯಾದ ದಾಖಲೆ ಎಂದರೆ ಕಳವಿನ ಮಾಲು. ದೇಶದಲ್ಲಿ ಮಾಹಿತಿ ಹಕ್ಕು ಕಾಯ್ದೆ ಇದೆ, 10 ರೂಪಾಯಿ ಕೊಟ್ಟರೆ ಯಾರು ಬೇಕಾದರೂ ದಾಖಲೆ ಪಡೆಯಬಹುದು. ಹಾಗಿರುವಾಗ ಹಿಂಬಾಗಿಲಿನಿಂದ ಕಾಗದ ತರಿಸಿಕೊಳ್ಳುವ ಪತ್ರಕರ್ತ ಅವಸರಗೇಡಿ, ಇಲ್ಲವೇ ಯಾರದೋ ಕೈಗೊಂಬೆ. ಪ್ರಾಮಾಣಿಕ ತನಿಖಾ ಪತ್ರಕರ್ತ ಅರ್ಜಿ ಹಾಕುತ್ತಾನೆ, ಕಾಯುತ್ತಾನೆ, ಕೊಟ್ಟದ್ದನ್ನು ಬರೆಯುತ್ತಾನೆ. ಬಾಗಲಕೋಟೆಯ ನವನಗರದ ಕಚೇರಿಗಳ ಪಡಸಾಲೆಯಲ್ಲಿಯೂ ಕೋರ್ಟಿನ ಆವರಣದಲ್ಲಿಯೂ ಈ ಮಾತನ್ನು ನಾನು ಕೇಳಿದ್ದೇನೆ. ಹೇಳಿದವರಲ್ಲಿ ನಾನು ಗೌರವಿಸುವ ಹಿರಿಯರಿದ್ದಾರೆ. ಆದ್ದರಿಂದಲೇ ಇದನ್ನು ತಳ್ಳಿಹಾಕದೆ ಬಿಡಿಸಿ ನೋಡಬೇಕೆನಿಸಿದೆ.

ಈ ನಂಬಿಕೆಗೆ ಗಟ್ಟಿಯಾದ ಆಧಾರಗಳಿವೆ, ಅವನ್ನು ಮೊದಲು ಒಪ್ಪಿಕೊಳ್ಳೋಣ. ಆಡಳಿತ ನಡೆಸುವವರಿಗೆ ತಮ್ಮೊಳಗೆ ಬಿಚ್ಚುಮನಸ್ಸಿನಿಂದ ಚರ್ಚಿಸಲು ಸ್ವಲ್ಪ ಮರೆ ಬೇಕು. ಪ್ರತಿ ಟಿಪ್ಪಣಿಯೂ ನಾಳೆ ಪತ್ರಿಕೆಗೆ ಹೋಗುತ್ತದೆ ಎಂದಾದರೆ ಅಧಿಕಾರಿ ತನಗೆ ಅನಿಸಿದ್ದನ್ನು ಬರೆಯುವುದನ್ನೇ ನಿಲ್ಲಿಸುತ್ತಾನೆ. ದಾಖಲೆ ಕೊಡುವವನಿಗೂ ಏನಾದರೊಂದು ಉದ್ದೇಶ ಇರುತ್ತದೆ: ಬಡ್ತಿ ತಪ್ಪಿದ ಸಿಟ್ಟು, ಎದುರಾಳಿ ಗುತ್ತಿಗೆದಾರನ ಹಿತ, ಚುನಾವಣೆ. ಕಡತದ ಒಂದು ಹಾಳೆಯನ್ನಷ್ಟೇ ಹೊರಗೆ ತಂದರೆ ಅದು ಹೇಳುವುದು ಅರ್ಧಸತ್ಯವಾಗಬಹುದು. ಮೇಲಾಗಿ ಗೋಪ್ಯತೆಯ ಪ್ರಮಾಣ ಮಾಡಿದ ನೌಕರ ಅದನ್ನು ಮುರಿಯುವುದು ತಪ್ಪೇ ಎಂಬ ನೈತಿಕ ಪ್ರಶ್ನೆಯೂ ಇದೆ. ಇವು ಯಾವುವೂ ಹುರುಳಿಲ್ಲದ ಮಾತುಗಳಲ್ಲ. ಇವುಗಳಿಂದ ಹೊರಡುವ ತೀರ್ಮಾನ ಮಾತ್ರ ತಪ್ಪು ಎಂಬುದು ನನ್ನ ವಾದ.

ಮೊದಲ ಗೋಜಲು ಇರುವುದು ಮೂರು ಬೇರೆ ಪ್ರಶ್ನೆಗಳನ್ನು ಒಂದಾಗಿ ಕಲಸಿದ್ದರಲ್ಲಿ. ಕಾಗದ ಹೇಗೆ ಬಂತು ಎಂಬುದು ಒಂದು. ಅದು ನಿಜವೇ ಎಂಬುದು ಇನ್ನೊಂದು. ಅದರಲ್ಲಿರುವುದು ಜನರಿಗೆ ತಿಳಿಯಬೇಕಾದದ್ದೇ ಎಂಬುದು ಮೂರನೆಯದು. ಒಂದಕ್ಕೆ ಕೊಟ್ಟ ಉತ್ತರ ಮತ್ತೊಂದಕ್ಕೆ ಉತ್ತರವಾಗುವುದಿಲ್ಲ. ನೌಕರನೊಬ್ಬ ನಿಯಮ ಮುರಿದು ತಂದ ಕಾಗದ ಅಕ್ಷರಶಃ ನಿಜವಾಗಿರಬಹುದು, ಮುದ್ರೆ ಒತ್ತಿ ಅಧಿಕೃತವಾಗಿ ಕೊಟ್ಟ ಪತ್ರಿಕಾ ಹೇಳಿಕೆ ಸುಳ್ಳಾಗಿರಬಹುದು. ಈ ವ್ಯತ್ಯಾಸವನ್ನು ನಮ್ಮ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಗುರುತಿಸಿದೆ. ರಫೇಲ್ ಯುದ್ಧವಿಮಾನ ಖರೀದಿಗೆ ಸಂಬಂಧಿಸಿದ ರಕ್ಷಣಾ ಸಚಿವಾಲಯದ ಟಿಪ್ಪಣಿಗಳು 2019ರ ಫೆಬ್ರುವರಿಯಲ್ಲಿ ‘ದಿ ಹಿಂದೂ’ ಪತ್ರಿಕೆಯಲ್ಲಿ ಪ್ರಕಟವಾದವು. ಮಾರ್ಚ್‌ನಲ್ಲಿ ಕೇಂದ್ರದ ಪರವಾಗಿ ಅಟಾರ್ನಿ ಜನರಲ್ ಕೆ.ಕೆ. ವೇಣುಗೋಪಾಲ್ ಅವು ಕದ್ದ ದಾಖಲೆಗಳೆಂದರು, ನ್ಯಾಯಾಲಯ ಅವನ್ನು ನೋಡಲೇಬಾರದೆಂದು ವಾದಿಸಿದರು. ಆ ವರ್ಷದ ಏಪ್ರಿಲ್ 10ರಂದು ಮೂವರು ನ್ಯಾಯಮೂರ್ತಿಗಳ ಪೀಠ ಈ ಆಕ್ಷೇಪವನ್ನು ಒಮ್ಮತದಿಂದ ತಿರಸ್ಕರಿಸಿತು. ಸಾಕ್ಷ್ಯ ಪ್ರಸ್ತುತವಾಗಿದ್ದರೆ ಅದನ್ನು ಪಡೆದ ರೀತಿಯೊಂದರಿಂದಲೇ ಅದು ಅಸ್ಪೃಶ್ಯವಾಗುವುದಿಲ್ಲ ಎಂಬ ತತ್ವ ಅದಕ್ಕೂ ಮೊದಲು, 1974ರ ಪೂರನ್ ಮಲ್ ಪ್ರಕರಣದಿಂದಲೇ, ನಮ್ಮ ಕಾನೂನಿನಲ್ಲಿದೆ. ಇದರ ಮುಂದಿನ ಸಂಗತಿಯನ್ನು ಸೋರಿಕೆಯ ಪರ ಮಾತಾಡುವವರು ಮರೆಯುತ್ತಾರೆ: 2019ರ ನವೆಂಬರ್ 14ರಂದು ರಫೇಲ್ ಖರೀದಿ ಕುರಿತ ಮರುಪರಿಶೀಲನಾ ಅರ್ಜಿಗಳು ವಜಾ ಆದವು. ಅಂದರೆ ಕಾಗದವನ್ನು ನ್ಯಾಯಾಲಯ ಓದಿತು, ಅರ್ಜಿದಾರರು ಬಯಸಿದ ತೀರ್ಮಾನವನ್ನು ಕೊಡಲಿಲ್ಲ. ಬಂದ ದಾರಿಯ ಕಾರಣಕ್ಕೆ ದಾಖಲೆಯನ್ನು ಹೊರಗಿಡಲಿಲ್ಲ, ಸೋರಿಕೆಯಾಗಿದೆ ಎಂಬ ಕಾರಣಕ್ಕೆ ಅದಕ್ಕೆ ಹೆಚ್ಚಿನ ಬೆಲೆಯನ್ನೂ ಕಟ್ಟಲಿಲ್ಲ. ನಾಗರಿಕರ ಮನೋಭಾವವೂ ಹೀಗೇ ಇರಬೇಕು.

ಈಗ ಈ ನಂಬಿಕೆಯ ಮುಖ್ಯ ಕಂಬಕ್ಕೆ ಬರೋಣ: ಕಾಯ್ದೆ ಇರುವಾಗ ಸೋರಿಕೆ ಏಕೆ? ಮಾಹಿತಿ ಹಕ್ಕಿನಲ್ಲಿ ಕರ್ನಾಟಕ ಹಿಂದೆ ಬಿದ್ದ ರಾಜ್ಯವಲ್ಲ. ಕೇಂದ್ರದ ಕಾಯ್ದೆ 2005ರ ಅಕ್ಟೋಬರ್ 12ರಂದು ಜಾರಿಗೆ ಬರುವ ಮೊದಲೇ, 2000ದಲ್ಲಿ, ನಮ್ಮ ವಿಧಾನಮಂಡಲ ತನ್ನದೇ ಕಾಯ್ದೆ ಮಾಡಿತ್ತು. ಕೇಂದ್ರ ಕಾಯ್ದೆಯ ಪ್ರಕಾರ 30 ದಿನಗಳಲ್ಲಿ ಉತ್ತರ ಬರಬೇಕು. ಬಾರದಿದ್ದರೆ ಪ್ರಥಮ ಮೇಲ್ಮನವಿ, ಅಲ್ಲಿಯೂ ಆಗದಿದ್ದರೆ ಮಾಹಿತಿ ಆಯೋಗಕ್ಕೆ ದ್ವಿತೀಯ ಮೇಲ್ಮನವಿ. ಕಾಗದದ ಮೇಲೆ ಇದು ಒಳ್ಳೆಯ ದಾರಿ. ಆದರೆ ದ್ವಿತೀಯ ಮೇಲ್ಮನವಿಯನ್ನು ಇಷ್ಟು ದಿನಗಳಲ್ಲಿ ತೀರ್ಮಾನಿಸಬೇಕೆಂದು ಕಾಯ್ದೆ ಎಲ್ಲಿಯೂ ಹೇಳಿಲ್ಲ. ರಾಜ್ಯದ ಆಯೋಗದ ಮುಂದೆ ಹತ್ತಾರು ಸಾವಿರ ಪ್ರಕರಣಗಳು ಬಾಕಿ ಇರುವುದು ವರ್ಷ ವರ್ಷ ಕೇಳುತ್ತಿರುವ ಸುದ್ದಿ. ಇದರ ಮೇಲೆ ನಮ್ಮ ರಾಜ್ಯದ ನಿಯಮಗಳು ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿರಬೇಕು, 150 ಪದ ಮೀರಬಾರದು ಎನ್ನುತ್ತವೆ. ವಿಳಂಬವೊಂದೇ ದೋಷವಾಗಿದ್ದರೆ ‘ಸಹನೆ ಇರಲಿ’ ಎನ್ನಬಹುದಿತ್ತು. ಅದಕ್ಕಿಂತ ಆಳವಾದ ತೊಡಕು ಕಾಯ್ದೆಯ ರಚನೆಯಲ್ಲೇ ಇದೆ. ಮಾಹಿತಿ ಹಕ್ಕು ಉತ್ತರ ಕೊಡುವುದು ನೀವು ಹೆಸರಿಟ್ಟು ಕೇಳಬಲ್ಲ ದಾಖಲೆಗೆ ಮಾತ್ರ. ಇಂಥ ದಿನಾಂಕದ ನಡವಳಿ, ಇಂಥ ಸಂಖ್ಯೆಯ ಕಡತ ಎಂದು ಬರೆಯದಿದ್ದರೆ ‘ಕೋರಿದ ಮಾಹಿತಿ ನಿರ್ದಿಷ್ಟವಾಗಿರುವುದಿಲ್ಲ’ ಎಂಬ ಹಿಂಬರಹ ಬರುತ್ತದೆ. ಇರುವ ದಾಖಲೆಯನ್ನು ಕೊಡುವುದಷ್ಟೇ ಕಚೇರಿಯ ಹೊಣೆ, ಹೊಸದಾಗಿ ಮಾಹಿತಿ ಕಲೆಹಾಕಿ ಕೊಡಬೇಕಿಲ್ಲ ಎಂದು 2011ರಲ್ಲಿ ಆದಿತ್ಯ ಬಂದೋಪಾಧ್ಯಾಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟೂ ಹೇಳಿದೆ. ಹಾಗಾದರೆ ಒಂದು ಸಭೆ ನಡೆದಿದೆ, ಒಂದು ಆಕ್ಷೇಪಣೆಯ ಟಿಪ್ಪಣಿ ದಾಖಲಾಗಿದೆ, ಅದನ್ನು ಬದಿಗೊತ್ತಿ ಆದೇಶ ಹೊರಟಿದೆ ಎಂಬುದೇ ಗೊತ್ತಿಲ್ಲದ ನಾಗರಿಕ ಏನೆಂದು ಅರ್ಜಿ ಬರೆಯಬೇಕು? ಇಂಥ ಕಾಗದವೊಂದು ಅಸ್ತಿತ್ವದಲ್ಲಿದೆ ಎಂಬ ಅರಿವು ಒಳಗಿನವರೊಬ್ಬರು ಹೇಳದೆ ಹೊರಗೆ ಬರುವುದಿಲ್ಲ. ಅರ್ಜಿ ಮತ್ತು ಸೋರಿಕೆ ಒಂದಕ್ಕೊಂದು ಬದಲಿ ದಾರಿಗಳೆಂಬ ಕಲ್ಪನೆ ಇಲ್ಲಿಯೇ ಕುಸಿಯುತ್ತದೆ. ನಿಜವಾದ ತನಿಖಾ ವರದಿಗಳಲ್ಲಿ ಒಳಗಿನವರ ಸುಳಿವಿನಿಂದ ಕಡತದ ಸಂಖ್ಯೆ ತಿಳಿಯುತ್ತದೆ, ಅರ್ಜಿಯಿಂದ ಅದರ ದೃಢೀಕೃತ ಪ್ರತಿ ಬರುತ್ತದೆ.

ಇದನ್ನು ನಮ್ಮ ಊರಿನ ವಿಷಯಕ್ಕೆ ಇಟ್ಟು ನೋಡಬೇಕು, ಏಕೆಂದರೆ ನವನಗರ ಹುಟ್ಟಿದ್ದೇ ಸರ್ಕಾರಿ ಕಾಗದಗಳಿಂದ. 1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿ ಆಲಮಟ್ಟಿಯಲ್ಲಿ ಅಡಿಗಲ್ಲು ಇಟ್ಟ ಅಣೆಕಟ್ಟಿನ ಹಿನ್ನೀರು ಹಳೆಯ ಬಾಗಲಕೋಟೆಯ ಓಣಿಗಳಿಗೆ ಬಂದಾಗ ಅಲ್ಲಿಂದ ಎದ್ದವರಿಗೆಂದು ಕಟ್ಟಿದ ಊರು ಇದು. ಇಲ್ಲಿಯ ನಿವೇಶನ, ಹಕ್ಕುಪತ್ರ, ಪರಿಹಾರ, ಉತಾರ ಎಲ್ಲವೂ ಒಂದಲ್ಲ ಒಂದು ಕಚೇರಿಯ ಕಡತದಿಂದ ಹೊರಟಿವೆ. ಮನೆ ಮುಳುಗಡೆಗೆ ಸೇರುತ್ತದೆಯೋ ಇಲ್ಲವೋ ಎಂಬುದನ್ನು ನಕ್ಷೆಯ ಮೇಲಿನ ಒಂದು ಮಟ್ಟದ ಗೆರೆ ತೀರ್ಮಾನಿಸಿತು. ಈಗ ಕೃಷ್ಣಾ ಮೇಲ್ದಂಡೆ ಯೋಜನೆಯ ಮೂರನೇ ಹಂತ ಬಂದಿದೆ. ನೀರಿನ ಮಟ್ಟವನ್ನು 519.60 ಮೀಟರ್‌ನಿಂದ 524.256 ಮೀಟರ್‌ಗೆ ಏರಿಸಿದರೆ ಇನ್ನೂ 75,563 ಎಕರೆ ಹಿನ್ನೀರಿಗೆ ಹೋಗುತ್ತದೆಂಬುದು ಸರ್ಕಾರದ ಲೆಕ್ಕ. ಬಾಗಲಕೋಟೆಯ ವಾರ್ಡುಗಳೂ ಅದರಲ್ಲಿವೆ. 2025ರ ಸೆಪ್ಟೆಂಬರ್‌ನಲ್ಲಿ ಸಚಿವ ಸಂಪುಟ ಮುಳುಗಡೆಯಾಗುವ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣಬೇಸಾಯದ ಜಮೀನಿಗೆ 30 ಲಕ್ಷ ರೂಪಾಯಿ ಎಂದು ನಿಗದಿ ಮಾಡಿತು. ಈ ಎರಡು ಸಂಖ್ಯೆಗಳ ನಡುವಿನ ಅಂತರವನ್ನು ಗಮನಿಸಿ. ಮೋಜಣಿ ಹಾಳೆಯ ಒಂದು ಕಲಮಿನಲ್ಲಿ ‘ನೀರಾವರಿ’ ಎಂದು ಬರೆದರೋ ‘ಒಣ’ ಎಂದು ಬರೆದರೋ ಎಂಬುದರ ಮೇಲೆ ಒಂದು ಎಕರೆಗೆ 10 ಲಕ್ಷದ ವ್ಯತ್ಯಾಸ. ರೈತ ತನ್ನ ಹಾಳೆಯನ್ನು ತಾನು ಕೇಳಿ ಪಡೆಯಬಹುದು. ಆದರೆ ಹತ್ತು ಹಳ್ಳಿಗಳ ಹಾಳೆಗಳನ್ನು ಪಕ್ಕಪಕ್ಕ ಇಟ್ಟಾಗ ಮಾತ್ರ ಕಾಣುವ ಸಂಗತಿಗಳಿರುತ್ತವೆ: ಒಂದೇ ಕಾಲುವೆಯ ಒಂದೇ ಬದಿಯ ಎರಡು ಹೊಲಗಳಿಗೆ ಬೇರೆ ಬೇರೆ ಗುರುತು ಏಕೆ, ಅಧಿಸೂಚನೆಗೆ ಕೆಲವು ತಿಂಗಳು ಮೊದಲು ಕೈ ಬದಲಾದ ಜಮೀನುಗಳು ಯಾವುವು. ಇಂಥದ್ದು ಇಲ್ಲಿ ನಡೆದಿದೆ ಎಂದು ನಾನು ಹೇಳುತ್ತಿಲ್ಲ. ನಡೆದರೆ ಕಂಡುಹಿಡಿಯುವ ಬಗೆ ಯಾವುದು ಎಂದು ಕೇಳುತ್ತಿದ್ದೇನೆ. ಒಬ್ಬೊಬ್ಬರಾಗಿ ಅರ್ಜಿ ಹಾಕಿದರೆ ‘ಇದು ಮೂರನೇ ವ್ಯಕ್ತಿಯ ಮಾಹಿತಿ’ ಎಂಬ ಉತ್ತರ ಬರಬಹುದು. ಇಡೀ ಪಟ್ಟಿ ಇರುವುದು ಕಚೇರಿಯಲ್ಲಿ. ಅದನ್ನು ಕಚೇರಿಯೇ ಪ್ರಕಟಿಸಬೇಕು, ಪ್ರಕಟಿಸದಿದ್ದರೆ ಯಾರಾದರೂ ಹೊರಗೆ ತರಬೇಕು. ಮೂರನೆಯ ಮಾರ್ಗ ನನಗೆ ಕಾಣುವುದಿಲ್ಲ.

ಇಲ್ಲಿ ಒಂದು ಗಂಭೀರ ಆಕ್ಷೇಪವಿದೆ. ಭೂಸ್ವಾಧೀನದ ಪ್ರಸ್ತಾವ ಮುಂಚಿತವಾಗಿ ಹೊರಬಿದ್ದರೆ ದಲ್ಲಾಳಿಗಳು ರೈತರಿಂದ ಅಗ್ಗವಾಗಿ ಜಮೀನು ಕೊಂಡು ಪರಿಹಾರ ಹೊಡೆಯುತ್ತಾರೆ, ಆದ್ದರಿಂದ ಗೋಪ್ಯತೆ ರೈತರ ಹಿತಕ್ಕೇ ಬೇಕು ಎಂಬುದು. ಅಪಾಯ ನಿಜ. ಆದರೆ ಗೋಪ್ಯತೆಯಿಂದ ಯಾರನ್ನು ಹೊರಗಿಟ್ಟಂತಾಯಿತು ಎಂದು ವಿಚಾರಿಸಿದರೆ ವಾದ ತಿರುಗಿಬೀಳುತ್ತದೆ. ಬೆಂಗಳೂರಿನಲ್ಲಿ ಪರಿಚಯವುಳ್ಳವರಿಗೆ, ಕಚೇರಿಯೊಳಗೆ ಸಲುಗೆ ಇರುವವರಿಗೆ ಆ ಸುದ್ದಿ ಹೇಗೂ ತಲುಪುತ್ತದೆ. ತಲುಪದಿರುವುದು ಆ ಹೊಲದಲ್ಲಿ ಜೋಳ ಬಿತ್ತಿದವನಿಗೆ ಮಾತ್ರ. ದಲ್ಲಾಳಿಗೆ ಗೊತ್ತಿದ್ದು ರೈತನಿಗೆ ಗೊತ್ತಿಲ್ಲದಿರುವ ಆ ಅಂತರದಲ್ಲೇ ಅಗ್ಗದ ವ್ಯವಹಾರ ಸಾಧ್ಯವಾಗುವುದು. ರೈತನಿಗೂ ತಿಳಿದ ದಿನ ಅಂಥ ವ್ಯವಹಾರ ನಿಲ್ಲುತ್ತದೆ. 2013ರ ಭೂಸ್ವಾಧೀನ ಕಾಯ್ದೆಯನ್ನು ಬರೆದವರಿಗೆ ಇದು ಗೊತ್ತಿತ್ತು. ಪ್ರಾಥಮಿಕ ಅಧಿಸೂಚನೆಯ ನಂತರ ಜಮೀನಿನ ಪರಭಾರೆಗೆ ಅವರು ನಿರ್ಬಂಧ ಹಾಕಿದರು, ಪುನರ್ವಸತಿಯ ಕರಡು ಯೋಜನೆಗೆ ಸ್ಥಳದಲ್ಲಿ ವ್ಯಾಪಕ ಪ್ರಚಾರ ಕೊಟ್ಟು ಗ್ರಾಮಸಭೆ ಅಥವಾ ನಗರಸಭೆಯಲ್ಲಿ ಚರ್ಚಿಸಬೇಕೆಂದರು, ಒಪ್ಪಿದ ಯೋಜನೆಯನ್ನು ಸ್ಥಳೀಯ ಭಾಷೆಯಲ್ಲಿ ಪ್ರಕಟಿಸಬೇಕೆಂದರು. ಕಾನೂನೇ ಬಹಿರಂಗ ಮಾಡಬೇಕೆಂದ ಕಾಗದವನ್ನು ಕಪಾಟಿನಲ್ಲಿಟ್ಟವನನ್ನು ಬಿಟ್ಟು, ಅದನ್ನು ಹೊರತಂದವನನ್ನು ಕಳ್ಳ ಎನ್ನುವುದು ಯಾವ ನ್ಯಾಯ?

ಇದಕ್ಕೆ ಹೊಂದಿಕೊಂಡ ಮತ್ತೊಂದು ಮಾತು. ‘ಉನ್ನತ ಮೂಲಗಳು ತಿಳಿಸಿವೆ’ ಎಂಬ ಸಾಲಿನೊಂದಿಗೆ ದಿನವೂ ಸರ್ಕಾರದ ಒಳಸುದ್ದಿ ಪ್ರಕಟವಾಗುತ್ತದೆ. ಸಂಪುಟದಲ್ಲಿ ಯಾರು ಏನು ಹೇಳಿದರು, ಬಜೆಟ್‌ನಲ್ಲಿ ಏನು ಬರಲಿದೆ, ಯಾವ ಅಧಿಕಾರಿಯ ವರ್ಗಾವಣೆ ಖಚಿತ, ಇವೆಲ್ಲ ಸೋರಿಕೆಗಳೇ. ಮಂತ್ರಿಗಳೋ ಅವರ ಆಪ್ತರೋ ಕೊಡುವ ಇಂಥ ಸುದ್ದಿಗೆ 1923ರ ಅಧಿಕೃತ ರಹಸ್ಯ ಕಾಯ್ದೆಯನ್ನು ಯಾರೂ ಎತ್ತುವುದಿಲ್ಲ. ಆ ಕಾಯ್ದೆ ನೆನಪಾಗುವುದು ಕೆಳಗಿನ ನೌಕರನೋ ಅಧಿಕಾರಿಯೋ ಸರ್ಕಾರಕ್ಕೆ ಇಷ್ಟವಿಲ್ಲದ ಕಾಗದ ಹೊರತಂದಾಗ. ಹಾಗಾದರೆ ತಕರಾರು ಸೋರಿಕೆಯ ಬಗ್ಗೆ ಇಲ್ಲ, ಅದು ಯಾರ ಅಪ್ಪಣೆಯಿಂದ ಆಯಿತು ಎಂಬುದರ ಬಗ್ಗೆ ಇದೆ. ಕಾಯ್ದೆಯ ಬಳಕೆ ಎಲ್ಲಿಗೆ ಹೋಗಬಹುದೆಂಬುದಕ್ಕೆ ಪತ್ರಕರ್ತ ಇಫ್ತಿಕಾರ್ ಗಿಲಾನಿಯವರ ಪ್ರಕರಣ ಸಾಕು. ಅಂತರ್ಜಾಲದಲ್ಲಿ ಯಾರಿಗಾದರೂ ಸಿಗುತ್ತಿದ್ದ ಬರಹವೊಂದನ್ನು ಇಟ್ಟುಕೊಂಡಿದ್ದಕ್ಕಾಗಿ 2002ರಲ್ಲಿ ಅವರನ್ನು ಬಂಧಿಸಿದರು. ಏಳು ತಿಂಗಳು ಸೆರೆಮನೆಯಲ್ಲಿದ್ದ ಮೇಲೆ 2003ರ ಜನವರಿಯಲ್ಲಿ ಸರ್ಕಾರವೇ ಮೊಕದ್ದಮೆ ಹಿಂತೆಗೆದುಕೊಂಡಿತು. ‘ರಹಸ್ಯ’ ಎಂಬ ಮೊಹರು ಒತ್ತಿದ ಮಾತ್ರಕ್ಕೆ ಕಾಗದ ರಹಸ್ಯವಾಗುವುದಿಲ್ಲ. ಮಾಹಿತಿ ಹಕ್ಕು ಕಾಯ್ದೆಯ 8(2)ನೇ ಕಲಂ, ಗುಟ್ಟಾಗಿಡುವುದರಿಂದ ಆಗುವ ರಕ್ಷಣೆಗಿಂತ ಬಹಿರಂಗದಿಂದ ಆಗುವ ಸಾರ್ವಜನಿಕ ಹಿತ ದೊಡ್ಡದಾಗಿದ್ದರೆ ರಹಸ್ಯ ಕಾಯ್ದೆಯೂ ಅಡ್ಡ ಬರಲಾರದು ಎಂದಿದೆ. ಅಂದರೆ ತೂಗಿ ನೋಡುವ ಅಳತೆಗೋಲನ್ನು ಸಂಸತ್ತೇ ಕೊಟ್ಟಿದೆ.

ಸರ್ಕಾರಕ್ಕೆ ಒಳಗೊಳಗೆ ಯೋಚಿಸಲು ಮರೆ ಬೇಕೆಂಬ ವಾದವನ್ನು ನಾನು ಮೇಲೆ ಒಪ್ಪಿದ್ದೇನೆ. ಪ್ರಶ್ನೆ ಇರುವುದು ಎಷ್ಟು ಕಾಲ ಎಂಬುದರಲ್ಲಿ. ಮಾಹಿತಿ ಹಕ್ಕು ಕಾಯ್ದೆಯೂ ಸಂಪುಟದ ಕಾಗದಪತ್ರಗಳಿಗೆ ವಿನಾಯಿತಿ ಕೊಟ್ಟು, ತೀರ್ಮಾನವಾಗಿ ವಿಷಯ ಮುಗಿದ ಮೇಲೆ ಬಹಿರಂಗಪಡಿಸಬೇಕು ಎನ್ನುತ್ತದೆ. ತೀರ್ಮಾನವನ್ನೇ ಮಾಡದಿದ್ದರೆ? ಕರ್ನಾಟಕದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಯ ಕಥೆ ಇದಕ್ಕೆ ಉತ್ತರ. ಎಚ್. ಕಾಂತರಾಜ ಅಧ್ಯಕ್ಷತೆಯ ಆಯೋಗ 2015ರಲ್ಲಿ ಮನೆಮನೆಗೆ ಹೋಗಿ ಸುಮಾರು ಆರು ಕೋಟಿ ಜನರ ವಿವರ ಪಡೆಯಿತು. ಖರ್ಚು ನೂರೈವತ್ತು ಕೋಟಿ ರೂಪಾಯಿ ಮೀರಿತು. ಮರುವರ್ಷವೇ ಜಾತಿವಾರು ಅಂಕಿಗಳೆಂಬ ಪಟ್ಟಿಯೊಂದು ಹೊರಬಿತ್ತು. ಅಧಿಕೃತ ವರದಿ ಸರ್ಕಾರದ ಕೈ ಸೇರಿದ್ದು 2024ರ ಫೆಬ್ರುವರಿ 29ರಂದು, ಕೆ. ಜಯಪ್ರಕಾಶ್ ಹೆಗ್ಡೆ ಅಧ್ಯಕ್ಷರಾಗಿದ್ದಾಗ. ಅದು ಸಂಪುಟದ ಮುಂದೆ ಬಂದದ್ದು 2025ರ ಏಪ್ರಿಲ್‌ನಲ್ಲಿ. ಮತ್ತೆ ಅಂಕಿಗಳು ಸೋರಿದವು, ಮತ್ತೆ ಗದ್ದಲವಾಯಿತು, ಜೂನ್‌ನಲ್ಲಿ ಹೊಸ ಸಮೀಕ್ಷೆಯ ತೀರ್ಮಾನವಾಯಿತು. ಹತ್ತು ವರ್ಷ ಜನರು ತಮ್ಮದೇ ಹಣದಲ್ಲಿ ತಮ್ಮ ಬಗ್ಗೆಯೇ ಮಾಡಿಸಿದ ಲೆಕ್ಕವನ್ನು ಸೋರಿದ ಹಾಳೆಗಳಿಂದ ಓದಬೇಕಾಯಿತು. ನಮ್ಮ ಜಿಲ್ಲೆಗೆ ಇದು ದೂರದ ಸಂಗತಿಯಾಗಿರಲಿಲ್ಲ. ಹುನಗುಂದ ಸೀಮೆಯ ಕೂಡಲಸಂಗಮದಿಂದ 2021ರ ಜನವರಿಯಲ್ಲಿ 2ಎ ಮೀಸಲಾತಿಗಾಗಿ ಪಂಚಮಸಾಲಿಗಳ ಪಾದಯಾತ್ರೆ ಬೆಂಗಳೂರಿಗೆ ಹೊರಟಾಗ, ಆ ಬೇಡಿಕೆ ಸರಿಯೋ ತಪ್ಪೋ ಎಂದು ಅಳೆಯಲು ಬೇಕಾದ ಅಂಕಿಗಳು ಸರ್ಕಾರದ ಬಳಿ ಮುಚ್ಚಿದ ಪೆಟ್ಟಿಗೆಯಲ್ಲಿದ್ದವು. ಪರ ಇದ್ದವರಿಗೂ ವಿರೋಧ ಇದ್ದವರಿಗೂ ಊಹೆಯೇ ಆಧಾರವಾಯಿತು.

ಇದೇ ಪ್ರಕರಣ ಸೋರಿಕೆಯ ಮಿತಿಯನ್ನೂ ತೋರಿಸುತ್ತದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. 2016ರಲ್ಲಿ ಹರಿದಾಡಿದ ಪಟ್ಟಿಗೂ 2025ರದ್ದಕ್ಕೂ ಕೆಲವು ಸಮುದಾಯಗಳ ಸಂಖ್ಯೆಯಲ್ಲಿ ಲಕ್ಷಗಟ್ಟಲೆ ವ್ಯತ್ಯಾಸವಿತ್ತು. ಯಾವ ಉಪಪಂಗಡವನ್ನು ಯಾವ ಹೆಸರಿನಡಿ ಸೇರಿಸಿದರು, ಯಾವ ಮನೆಗಳು ಬಿಟ್ಟುಹೋದವು ಎಂಬ ವಿವರವಿಲ್ಲದ ಒಂದು ಪುಟದ ಪಟ್ಟಿಯಿಂದ ಜನರಿಗೆ ದಕ್ಕಿದ್ದು ಜಗಳವೇ ಹೊರತು ತಿಳಿವಳಿಕೆಯಲ್ಲ. ಹೀಗಾಗಿ ‘ಸೋರಿದ್ದೆಲ್ಲ ಸತ್ಯ’ ಎಂಬ ಎದುರು ನಂಬಿಕೆಯೂ ಮೊದಲಿನದರಷ್ಟೇ ಗೋಜಲು. ಅವಸರದ ಸೋರಿಕೆಗಳೂ ಇವೆ. ಅಕ್ರಮ ಗಣಿಗಾರಿಕೆ ಕುರಿತ ಲೋಕಾಯುಕ್ತ ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆ ಅವರ ಎರಡನೇ ವರದಿ 2011ರ ಜುಲೈ 27ರಂದು ಸಲ್ಲಿಕೆಯಾಯಿತು. ಅದರ ಸಾರಾಂಶ ಕೆಲವೇ ದಿನ ಮೊದಲು ಮಾಧ್ಯಮಗಳಲ್ಲಿ ಬಂದಿತ್ತು. ಬೊಕ್ಕಸಕ್ಕೆ 16,085 ಕೋಟಿ ರೂಪಾಯಿ ನಷ್ಟವೆಂದ, ಮುಖ್ಯಮಂತ್ರಿಯ ಹೆಸರನ್ನೇ ಎತ್ತಿದ ಆ ವರದಿ ಮಹತ್ವದ್ದು. ಯಡಿಯೂರಪ್ಪ ಜುಲೈ 31ರಂದು ರಾಜೀನಾಮೆ ಕೊಟ್ಟದ್ದು ಅದರ ಬಲದಿಂದಲೇ. ಆದರೆ ಆ ಸೋರಿಕೆಯಿಂದ ನಾಡಿಗೆ ಸಿಕ್ಕಿದ್ದು ಅಲ್ಪ ಎಂದೇ ನನ್ನ ಅಭಿಪ್ರಾಯ. ಬರುವುದು ಖಚಿತವಿದ್ದ ವರದಿಯನ್ನು ಒಂದು ವಾರ ಮೊದಲು ಓದಿಸಿದ್ದರಿಂದ ತನಿಖಾ ಪತ್ರಿಕೋದ್ಯಮಕ್ಕೆ ಹೆಚ್ಚೇನೂ ಸೇರಲಿಲ್ಲ. ಸೋರಿಕೆಯನ್ನು ಅಳೆಯುವಾಗ ‘ಇದಿಲ್ಲದಿದ್ದರೆ ಜನರಿಗೆ ಇದು ತಿಳಿಯುತ್ತಲೇ ಇರಲಿಲ್ಲವೇ?’ ಎಂದು ಕೇಳಬೇಕು. ಸಮೀಕ್ಷೆಯ ವಿಷಯದಲ್ಲಿ ಹತ್ತು ವರ್ಷವಾದರೂ ತಿಳಿಯುತ್ತಿರಲಿಲ್ಲ, ಗಣಿ ವರದಿಯ ವಿಷಯದಲ್ಲಿ ಹೇಗೂ ತಿಳಿಯುತ್ತಿತ್ತು.

ಕೊಡುವವನ ಉದ್ದೇಶದ ಪ್ರಶ್ನೆ ಉಳಿದಿದೆ. ಉದ್ದೇಶ ಕೆಟ್ಟದಾದರೆ ದಾಖಲೆ ಸುಳ್ಳಾಗುವುದಿಲ್ಲ, ಆದರೆ ಪತ್ರಕರ್ತನ ಹೊಣೆ ಇಮ್ಮಡಿಯಾಗುತ್ತದೆ. ಬೋಫೋರ್ಸ್ ಫಿರಂಗಿ ಖರೀದಿ ಪ್ರಕರಣದಲ್ಲಿ ಇದರ ಎರಡೂ ಮುಖಗಳಿವೆ. ಸ್ವೀಡನ್ ಪೊಲೀಸ್ ಮುಖ್ಯಸ್ಥ ಸ್ಟೆನ್ ಲಿಂಡ್‌ಸ್ಟ್ರೋಮ್ ಕೊಟ್ಟ ದಾಖಲೆಗಳನ್ನು ಪತ್ರಕರ್ತೆ ಚಿತ್ರಾ ಸುಬ್ರಮಣಿಯಂ ಪರಿಶೀಲಿಸಿ ವರದಿ ಮಾಡಿದರು. 2012ರ ಸಂದರ್ಶನವೊಂದರಲ್ಲಿ ಲಿಂಡ್‌ಸ್ಟ್ರೋಮ್ ತಾವಾಗಿಯೇ ಹೇಳಿಕೊಳ್ಳುವ ತನಕ, 25 ವರ್ಷ, ಮೂಲದ ಹೆಸರು ಹೊರಗೆ ಬರಲಿಲ್ಲ. ಅದೇ ಸಂದರ್ಶನದಲ್ಲಿ ಲಿಂಡ್‌ಸ್ಟ್ರೋಮ್ ಇನ್ನೊಂದು ಮಾತು ಹೇಳಿದರು: ಅಮಿತಾಭ್ ಬಚ್ಚನ್ ಹೆಸರನ್ನು ಸ್ವೀಡನ್ನಿನ ಪತ್ರಿಕೆಯೊಂದರಲ್ಲಿ ತೇಲಿಬಿಟ್ಟವರು ಭಾರತದಿಂದ ಹೋದ ತನಿಖಾಧಿಕಾರಿಗಳು, ಅದಕ್ಕೆ ಆಧಾರವಿರಲಿಲ್ಲ ಎಂದು. ಒಂದೇ ಹಗರಣದಲ್ಲಿ ನಿಜವಾದ ದಾಖಲೆಯೂ ಸೋರಿತು, ಕಟ್ಟುಕತೆಯೂ ಸೋರಿತು. ಎರಡನ್ನೂ ಬೇರ್ಪಡಿಸುವ ಶಕ್ತಿ ಇರುವುದು ಪರಿಶೀಲನೆಗೆ ಮಾತ್ರ. ಹಾಗಾಗಿ ಸೋರಿದ ಕಾಗದ ಹಿಡಿದ ಪತ್ರಕರ್ತನಿಂದ ಓದುಗರು ಕೇಳಬೇಕಾದದ್ದು ಇಷ್ಟು:

1. ದಾಖಲೆ ಅಸಲಿಯೇ ಎಂದು ಕೊಟ್ಟವನ ಹೊರತಾಗಿ ಇನ್ನೊಂದು ಕಡೆಯಿಂದ ಖಚಿತ ಮಾಡಿಕೊಂಡಿರಬೇಕು. ಜಾವಕ ಸಂಖ್ಯೆ, ದಿನಾಂಕ, ಸಹಿ, ಅದೇ ವಿಷಯದ ಇತರ ಕಾಗದ, ಇವು ತಾಳೆಯಾಗಬೇಕು.

2. ಕಡತದ ಹಿಂದಿನ ಮತ್ತು ಮುಂದಿನ ಹಾಳೆಗಳಲ್ಲಿ ಏನಿದೆ ಎಂದು ಹುಡುಕಿರಬೇಕು. ಸಿಗದಿದ್ದರೆ ಸಿಕ್ಕಿಲ್ಲವೆಂದು ಬರೆಯಬೇಕು.

3. ಆರೋಪಕ್ಕೆ ಗುರಿಯಾದವರಿಗೆ ಉತ್ತರಿಸಲು ನಿಜವಾದ ಸಮಯ ಕೊಟ್ಟಿರಬೇಕು. ಪುಟ ಅಚ್ಚಿಗೆ ಹೋಗುವ ಮೊದಲು ಮಾಡಿದ ಒಂದು ಫೋನ್ ಕರೆ ಸಾಲದು.

4. ಮೂಲದ ಹೆಸರನ್ನು ಯಾವ ಒತ್ತಡದಲ್ಲೂ ಬಿಟ್ಟುಕೊಡಬಾರದು.

ನಾಲ್ಕನೆಯದು ಹೇಳಲು ಸುಲಭ. ರಾಷ್ಟ್ರೀಯ ಹೆದ್ದಾರಿ ಕಾಮಗಾರಿಯ ಅಕ್ರಮದ ಬಗ್ಗೆ ಪ್ರಧಾನಿ ಕಚೇರಿಗೆ ಪತ್ರ ಬರೆದ ಎಂಜಿನಿಯರ್ ಸತ್ಯೇಂದ್ರ ದುಬೆ ತಮ್ಮ ಹೆಸರು ಗುಟ್ಟಾಗಿರಲಿ ಎಂದು ಕೋರಿದ್ದರು. ಪತ್ರ ಹೆಸರಿನೊಂದಿಗೇ ಕಚೇರಿಯಿಂದ ಕಚೇರಿಗೆ ಹೋಯಿತು. 2003ರ ನವೆಂಬರ್‌ನಲ್ಲಿ ಗಯಾದಲ್ಲಿ ಅವರ ಕೊಲೆಯಾಯಿತು. ತನಿಖೆ ಅದನ್ನು ದರೋಡೆಗಾಗಿ ನಡೆದ ಕೊಲೆ ಎಂದಿತು. ಹಾಗಿದ್ದರೂ ಗುಟ್ಟು ಕಾಯುವ ಮಾತನ್ನು ಸರ್ಕಾರ ಉಳಿಸಿಕೊಳ್ಳಲಿಲ್ಲ ಎಂಬುದು ಉಳಿಯುತ್ತದೆ. ಇಂಥವರ ರಕ್ಷಣೆಗೆಂದು ಸಂಸತ್ತು 2014ರಲ್ಲಿ ಕಾಯ್ದೆ ಮಾಡಿದೆ, ಅದನ್ನು ಜಾರಿಗೆ ತಂದಿಲ್ಲ. ‘ಒಳಗಿನವನು ಸರಿಯಾದ ದಾರಿಯಲ್ಲಿ ದೂರು ಕೊಡಲಿ’ ಎನ್ನುವವರು ಆ ದಾರಿ ಎಲ್ಲಿದೆ ಎಂದು ತೋರಿಸಬೇಕಾಗುತ್ತದೆ. ಪತ್ರಕರ್ತನಿಗೂ ಆಸರೆ ಕಡಿಮೆ. ಮೂಲ ತಿಳಿಸಬೇಕೆಂದು ಪತ್ರಿಕಾ ಮಂಡಳಿ ಒತ್ತಾಯಿಸುವಂತಿಲ್ಲ ಎಂದು 1978ರ ಕಾಯ್ದೆಯಲ್ಲಿದೆ, ನ್ಯಾಯಾಲಯಕ್ಕೋ ಪೊಲೀಸರಿಗೋ ಆ ನಿರ್ಬಂಧವಿಲ್ಲ. ದೆಹಲಿ, ಚೆನ್ನೈನ ದೊಡ್ಡ ಪತ್ರಿಕೆಯ ಬೆನ್ನಿಗೆ ವಕೀಲರ ಪಡೆ ಇರುತ್ತದೆ. ಇಳಕಲ್ಲಿನಲ್ಲೋ ಬಾದಾಮಿಯಲ್ಲೋ ಸುದ್ದಿಗಿಷ್ಟು ಎಂದು ಗೌರವಧನ ಪಡೆಯುವ ತಾಲ್ಲೂಕು ವರದಿಗಾರನ ಕೈಗೆ ಅಂಥದೇ ಒಂದು ಕಾಗದ ಬಂದರೆ, ಅವನಿಗೆ ಕಾನೂನು ಅದೇ ಆದರೂ ಅದರ ರಕ್ಷಣೆ ಬಹಳ ದೂರದಲ್ಲಿದೆ. ನಮ್ಮ ಭಾಗದ ಎಷ್ಟೋ ವಿಷಯಗಳು ವರದಿಯಾಗದೆ ಉಳಿಯುವುದಕ್ಕೆ ಧೈರ್ಯದ ಕೊರತೆಗಿಂತ ಇದು ದೊಡ್ಡ ಕಾರಣ.

ಹಾಗಾದರೆ ಮುಚ್ಚಿಡಬೇಕಾದದ್ದು ಏನೂ ಇಲ್ಲವೇ? ಖಂಡಿತ ಇದೆ. ದೂರುದಾರರ ಹೆಸರು, ರೋಗಿಯ ದಾಖಲೆ, ನಡೆಯಲಿರುವ ದಾಳಿಯ ವಿವರ, ಸಮೀಕ್ಷೆಯಲ್ಲಿ ಒಂದೊಂದು ಮನೆಯವರು ನಂಬಿ ಕೊಟ್ಟ ಉತ್ತರ, ಇವನ್ನು ಬಹಿರಂಗಪಡಿಸುವ ಪತ್ರಕರ್ತ ಸಮಾಜದ್ರೋಹ ಮಾಡುತ್ತಾನೆ. ಆದರೆ ಖಾಸಗಿತನದ ಹೆಸರಿನಲ್ಲಿ ಈಗ ಆಗಿರುವುದು ಬೇರೆ. ವೈಯಕ್ತಿಕ ಮಾಹಿತಿಯನ್ನು ನಿರಾಕರಿಸಲು ಹಿಂದೆ ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ) ಕಲಮಿನಲ್ಲಿ ಷರತ್ತುಗಳಿದ್ದವು: ಅದಕ್ಕೂ ಸಾರ್ವಜನಿಕ ಕೆಲಸಕ್ಕೂ ಸಂಬಂಧವಿರಬಾರದು, ಸಂಸತ್ತಿಗೆ ನಿರಾಕರಿಸಲಾಗದ್ದನ್ನು ಪ್ರಜೆಗೂ ನಿರಾಕರಿಸುವಂತಿಲ್ಲ. 2023ರ ವೈಯಕ್ತಿಕ ದತ್ತಾಂಶ ಕಾಯ್ದೆ ಆ ಷರತ್ತುಗಳನ್ನು ತೆಗೆದುಹಾಕಿತು, 2025ರ ನವೆಂಬರ್‌ನಲ್ಲಿ ಈ ತಿದ್ದುಪಡಿ ಜಾರಿಗೆ ಬಂತು. ಇನ್ನು ನಿವೇಶನ ಹಂಚಿಕೆಯ ಪಟ್ಟಿ ಕೇಳಿದರೆ ಅದರಲ್ಲಿ ಹೆಸರುಗಳಿವೆ, ಆದ್ದರಿಂದ ಕೊಡಲಾಗದು ಎನ್ನಬಹುದು. ಹೆಸರಿಲ್ಲದ ಪಟ್ಟಿಯಲ್ಲಿ ಒಬ್ಬನೇ ಎರಡು ನಿವೇಶನ ಪಡೆದದ್ದನ್ನು, ಮುಳುಗಡೆಯಾಗದವನು ಸಂತ್ರಸ್ತನೆಂದು ಸೇರಿದ್ದನ್ನು ಕಂಡುಹಿಡಿಯುವುದು ತರ್ಕಕ್ಕೇ ನಿಲುಕದ ಮಾತು. ಹೆಸರು ಬಹಿರಂಗವಾದರೆ ಅನಾಹುತವಾಗುತ್ತದೆಂಬ ಭಯಕ್ಕೆ ಕರ್ನಾಟಕದ ಅನುಭವವೇ ಉತ್ತರ ಕೊಡುತ್ತದೆ. ‘ಭೂಮಿ’ ಯೋಜನೆಯಲ್ಲಿ ಪಹಣಿ ಗಣಕೀಕರಣವಾಗಿ 20 ವರ್ಷ ದಾಟಿದೆ. ಯಾರ ಜಮೀನಿನ ಉತಾರವನ್ನೂ ಯಾರು ಬೇಕಾದರೂ ನೋಡಬಹುದು, ಮಾಲೀಕನ ಹೆಸರು, ಸಾಲದ ಬೋಜಾ ಸಮೇತ. ಸ್ವಂತ ಹೊಲದ ಮಾಲೀಕನ ಹೆಸರು ಬಹಿರಂಗವಿರಬಹುದಾದರೆ ಸರ್ಕಾರಿ ನಿವೇಶನ ಪಡೆದವನ ಹೆಸರು ಗುಟ್ಟಾಗಿರಬೇಕೇಕೆ? ಕಾನೂನಿನ ಬಾಗಿಲು ಹೀಗೆ ಕಿರಿದಾದಷ್ಟೂ ಸೋರಿಕೆಯ ಅಗತ್ಯ ಹೆಚ್ಚುತ್ತದೆ. ಸೋರಿಕೆಯನ್ನು ದ್ವೇಷಿಸುವವರು ಈ ತಿದ್ದುಪಡಿಯನ್ನು ಎಲ್ಲರಿಗಿಂತ ಮೊದಲು ವಿರೋಧಿಸಬೇಕಿತ್ತು.

ಪಾರದರ್ಶಕತೆ ಹೊರದೇಶದಿಂದ ಬಂದ ಹುಚ್ಚು ಎನ್ನುವವರೂ ಇದ್ದಾರೆ. ಅವರು ಬಾದಾಮಿಯ ಮೂರನೇ ಗುಹೆಯ ಬಳಿಗೆ ಹೋಗಿ ಬರಲಿ. ಆರನೇ ಶತಮಾನದ ಕೊನೆಗೆ ಮಂಗಲೇಶ ದೇವರಿಗೆ ಗ್ರಾಮ ದತ್ತಿ ಬಿಟ್ಟದ್ದನ್ನು ಅಲ್ಲಿ ಕನ್ನಡದಲ್ಲಿಯೂ ಬಂಡೆಗೆ ಕೆತ್ತಿಸಿದ್ದಾನೆ. ಪ್ರಜೆಗಳ ಹಕ್ಕೆಂದು ಅವನು ಅದನ್ನು ಮಾಡಲಿಲ್ಲ, ದತ್ತಿಯನ್ನು ಯಾರೂ ನುಂಗಬಾರದೆಂದು ಮಾಡಿದ. ಆದರೆ ನುಂಗದಂತೆ ತಡೆಯುವ ಉಪಾಯ ನಾಲ್ಕು ಜನ ಓದುವಂತೆ ಬರೆದಿಡುವುದು ಎಂಬ ಆಡಳಿತದ ತಿಳಿವಳಿಕೆ ಈ ನೆಲದಲ್ಲಿ ಅಷ್ಟು ಹಳೆಯದು.

ಮಾಹಿತಿ ಹಕ್ಕು ಕಾಯ್ದೆಯ 4ನೇ ಕಲಂ, ಯಾರೂ ಅರ್ಜಿ ಹಾಕದಿದ್ದರೂ ಕಚೇರಿಗಳು ತಾವಾಗಿಯೇ ತಮ್ಮ ತೀರ್ಮಾನ, ಖರ್ಚು, ಫಲಾನುಭವಿಗಳ ವಿವರ ಪ್ರಕಟಿಸಬೇಕು ಎನ್ನುತ್ತದೆ. ಮೂರನೇ ಹಂತದ ಮೋಜಣಿ ಪಟ್ಟಿ, ಜಮೀನಿನ ವರ್ಗೀಕರಣ, ಐತೀರ್ಪು, ಪುನರ್ವಸತಿ ನಿವೇಶನಗಳ ಹಂಚಿಕೆ, ಇವಿಷ್ಟನ್ನೂ ಪ್ರತಿ ಮುಳುಗಡೆ ಗ್ರಾಮದ ಪಂಚಾಯಿತಿಯಲ್ಲಿ, ಬಾಗಲಕೋಟೆಯ ಪ್ರತಿ ವಾರ್ಡಿನಲ್ಲಿ, ನವನಗರದ ಪ್ರತಿ ಸೆಕ್ಟರಿನಲ್ಲಿ, ಓದಲು ಬರುವ ಗಾತ್ರದ ಕನ್ನಡ ಅಕ್ಷರಗಳಲ್ಲಿ ಹಚ್ಚಬೇಕು. ಪರಿಹಾರದ ಹಣ ಬಟವಾಡೆಯಾಗುವ ಮೊದಲೇ ಹಚ್ಚಬೇಕು. ಮುಳುಗಡೆ ಹಳ್ಳಿಗಳ ಗ್ರಾಮಸಭೆಗಳು ಇದನ್ನು ಠರಾವು ಮಾಡಿ ಕೇಳಲಿ. ಕೊಟ್ಟರೆ ಆ ಪಟ್ಟಿಗಳನ್ನು ಯಾರೂ ಕದಿಯಬೇಕಾಗಿಲ್ಲ. ಕೊಡದಿದ್ದರೆ, ಅವನ್ನು ಹೊರತಂದು ಪರಿಶೀಲಿಸಿ ಅಚ್ಚು ಹಾಕುವ ವರದಿಗಾರನ ಜೊತೆ ಊರು ನಿಲ್ಲಬೇಕು.